ಅಕ್ರೊಕೊರಿಂತ್ ಕೋಟೆ: ಬಸ್ಸಿಳಿದ ಮೇಲೆ ಹತ್ತೋದು ಹೇಗೆ? ಸಹಾಯ ಬೇಕು

ಗ್ರೀಸ್‌ನ ಅಕ್ರೊಕೊರಿಂತ್ ಕೋಟೆ ನೋಡಿ ಬಂದವ್ರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ. ಅಥೆನ್ಸ್‌ನಿಂದ ಕೊರಿಂತ್‌ಗೆ ರೈಲು, ಅಲ್ಲಿಂದ ಹಳೇ ಕೊರಿಂತ್ ಊರಿಗೆ ಬಸ್ಸು, ಅಷ್ಟರಮಟ್ಟಿಗೆ ಗೊಂದಲ ಇಲ್ಲ. ಸಿಕ್ಕಾಕೊಂಡಿರೋದು ಅದರಾಚೆ. ಆ ಊರಲ್ಲಿರೋ ಅಪೊಲೊ ದೇವಸ್ಥಾನದ ಕಡೆಯಿಂದ ಕೋಟೆಯ ಮೊದಲ ಬಾಗಿಲಿಗೆ ಟಾರು ರಸ್ತೆಯಲ್ಲಿ ಸುಮಾರು 4 ಕಿ.ಮೀ., ಬರೀ ಏರು, ನೆರಳು ಕಮ್ಮಿ. ಬಸ್ಸು ಮೇಲಕ್ಕೆ ಹೋಗಲ್ಲ. ಒಟ್ಟು ಮೂರು ಬಾಗಿಲು ದಾಟಿ 575 ಮೀಟರ್ ಎತ್ತರದ ತುದಿ, ಅಂದ್ರೆ ಅಫ್ರೊಡೈಟಿ ಗುಡಿಯ ಜಾಗ, ಮುಟ್ಟೋಕೆ ಕಾಲಲ್ಲಿ ಶಕ್ತಿ ಉಳಿದಿರ್ಬೇಕಲ್ಲ! ಹಾಸುಗಲ್ಲು ಸವೆದು ನುಣ್ಣಗಾಗಿದೆ, ಇಳಿಯುವಾಗಲೇ ಜಾರೋದು ಜಾಸ್ತಿ. ಮ್ಯಾಪ್‌ಗಳನ್ನ ಹೋಲಿಸಿ ನೋಡಿದ್ರೆ ಒಂದರಲ್ಲಿ ಕಾಲುದಾರಿ ಇದೆ, ಇನ್ನೊಂದರಲ್ಲಿ ಇಲ್ಲ. ಆ ಕಾಲುದಾರಿ ನಿಜವಾಗ್ಲೂ ಬಾಗಿಲವರೆಗೂ ಹೋಗುತ್ತಾ? ಇಲ್ಲಾಂದ್ರೆ ಟ್ಯಾಕ್ಸಿಲಿ ಹತ್ತಿ, ನಡ್ಕೊಂಡು ಇಳಿಯೋದೇ ವಾಸಿನಾ?