ಸಹಾಯ ಬೇಕು: ಐ3 ಸಾಕಾ, ಐ5 ತಗೊಳ್ಳಲಾ?

ಎಲ್ಲರಿಗೂ ನಮಸ್ಕಾರ. ಮೊದಲ ಸಲ ನಾನೇ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಲು ಹೊರಟಿದ್ದೇನೆ. ಪ್ರೊಸೆಸರ್ ವಿಷಯಕ್ಕೆ ಬಂದು ನಿಂತುಬಿಟ್ಟಿದ್ದೇನೆ. ಇಂಟೆಲ್ ಐ3-12100 ಒಳ್ಳೆಯದಾ, ಐ5-12400 ಒಳ್ಳೆಯದಾ?

ಐ3ಯಲ್ಲಿ 4 ಕೋರ್ (ಕೆಲಸ ಮಾಡುವ ಘಟಕ), 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸಗಳ ಸಾಲು). ಐ5ನಲ್ಲಿ 6 ಕೋರ್, 12 ಥ್ರೆಡ್. ನನ್ನ ಕೆಲಸ ಬ್ರೌಸರ್, ಟೈಪಿಂಗ್ ಅಷ್ಟೇ. ಅದಕ್ಕೆ ಐ3 ಧಾರಾಳ. ಆದರೆ ತಂಗಿ ಈಗ ವಿಡಿಯೊ ಎಡಿಟಿಂಗ್ ಕಲಿಯುತ್ತಿದ್ದಾಳೆ. ಹಳೇ ಲ್ಯಾಪ್‌ಟಾಪ್ ಮುಂದೆ ಒಂದು ಫೈಲ್‌ಗಾಗಿ ಅವಳು ಅರ್ಧ ರಾತ್ರಿ ಕಾಯುವುದನ್ನು ನೋಡಿದರೆ ಬೇಜಾರಾಗುತ್ತದೆ. ಪ್ರೊಸೆಸರ್‌ನಲ್ಲೇ ಎನ್‌ಕೋಡ್ ಮಾಡುವಾಗ (ಎಡಿಟ್ ಆದ ವಿಡಿಯೊವನ್ನು ಫೈಲ್ ಆಗಿ ಉಳಿಸುವಾಗ) 2 ಕೋರ್ ಜಾಸ್ತಿ ಇದ್ದರೆ ಕಾಯುವುದು ತಗ್ಗುತ್ತದೆ ಅಲ್ವಾ?

ಇನ್ನೊಂದು ಯೋಚನೆಯೂ ಇದೆ. ಎರಡಕ್ಕೂ ಒಂದೇ ಸಾಕೆಟ್ (ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ), ಎಲ್‌ಜಿಎ 1700. ಈಗ ಐ3 ಹಾಕಿ, ಉಳಿದ ದುಡ್ಡಲ್ಲಿ 16 ಜಿಬಿ ರ್‍ಯಾಮ್ ಮತ್ತು ಒಳ್ಳೆಯ ಎಸ್‌ಎಸ್‌ಡಿ ತಗೊಂಡು, ಮುಂದೆ ಅದೇ ಮದರ್‌ಬೋರ್ಡ್‌ಗೆ ಐ5 ಕೂರಿಸಬಹುದು. ಆದರೆ ಎರಡು ಸಲ ಖರ್ಚು ಮಾಡುವುದು ಸರಿಯಾ?

ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕಿಲ್ಲ. ಹಾಗಾಗಿ ಹೆಸರಿನ ಕೊನೆಗೆ ‘ಎಫ್’ ಇರುವ ಪ್ರೊಸೆಸರ್ ಬೇಡ, ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ.

ಇವುಗಳಲ್ಲಿ ವಿಡಿಯೊ ಎಡಿಟ್ ಮಾಡಿದವರು ಇದ್ದರೆ ದಯವಿಟ್ಟು ಹೇಳಿ. ಪ್ರೊಸೆಸರ್ ಡಬ್ಬಿಯ ಜೊತೆ ಬರುವ ಫ್ಯಾನ್ ಸಾಕಾಗುತ್ತದಾ ಅಂತಲೂ ತಿಳಿಸಿ.