ಟರ್ಬೊ ಸಿ ಆಟಕ್ಕೆ ಹಿನ್ನೆಲೆ ಸಂಗೀತ: ಸ್ವರ ನುಡಿಯುವಾಗ ಆಟ ನಿಲ್ಲದಂತೆ ಮಾಡುವುದು ಹೇಗೆ?

ಚೌಕಾಬಾರ_ಬಸವನಗುಡಿ:

ಎಲ್ಲರಿಗೂ ನಮಸ್ಕಾರ. ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಕೊಂಡು ತಂದ ಹಳೆಯ 486 ಯಂತ್ರಕ್ಕೆ ಡಾಸ್ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಂಡು, ಟರ್ಬೊ ಸಿ ಎಂಬ ಸಿ ಭಾಷೆಯ ಕಂಪೈಲರ್ ಬಳಸಿ ಚೌಕಾಬಾರ ಆಟವನ್ನು ಬರೆಯುತ್ತಿದ್ದೇನೆ. ಕವಡೆ ಹಾಕುವುದು, ಕಾಯಿ ನಡೆಸುವುದು ಎಲ್ಲವೂ ಸರಿಯಾಗಿದೆ. ಹಿನ್ನೆಲೆಯಲ್ಲಿ ಮೋಹನ ರಾಗದ ಸ್ವರಗಳು ನುಡಿಯುತ್ತಿರಲಿ ಎಂದು ಸ 262, ರಿ 294, ಗ 330, ಪ 392, ದ 440, ಮೇಲಿನ ಸ 523 ಹರ್ಟ್ಸ್ ಎಂದು ಒಂದು ಅರೇಯಲ್ಲಿ ಇಟ್ಟು, ಪ್ರತಿ ಸ್ವರಕ್ಕೂ ಸೌಂಡ್ ಫಂಕ್ಷನ್, 250 ಮಿಲಿಸೆಕೆಂಡಿನ ಡಿಲೇ, ಆಮೇಲೆ ನೋಸೌಂಡ್ ಕರೆಯುತ್ತಿದ್ದೇನೆ. ಆದರೆ ಡಿಲೇ ಮುಗಿಯುವವರೆಗೆ ಕಾಯಿ ಅಲ್ಲಾಡುವುದಿಲ್ಲ, ಕೀಲಿ ಒತ್ತಿದರೂ ಆಟಕ್ಕೆ ತಿಳಿಯುವುದಿಲ್ಲ. ಡಿಲೇ ಕಡಿಮೆ ಮಾಡಿದರೆ ರಾಗವೇ ಓಟ ಕೀಳುತ್ತದೆ. ಸೌಂಡ್ ಕಾರ್ಡ್ ಇಲ್ಲ, ಇರುವುದು ಪಿಸಿ ಸ್ಪೀಕರ್ ಮಾತ್ರ. ದಾರಿಯಿದ್ದರೆ ದಯವಿಟ್ಟು ತಿಳಿಸಿ.

ಹಳೇ_ಟೈಮರ್:

ನಿಮ್ಮ ಸ್ಪೀಕರಿನದು ಏನೂ ತಪ್ಪಿಲ್ಲ, ತೊಂದರೆಯೆಲ್ಲ ಡಿಲೇಯದು. ಸ್ಪೀಕರನ್ನು ನುಡಿಸುವುದು ಪ್ರೊಸೆಸರ್ ಅಲ್ಲ, 8253 ಎಂಬ ಟೈಮರ್ ಚಿಪ್ಪಿನ 2ನೇ ಚಾನೆಲ್ (ಎಣಿಕೆ ಸೊನ್ನೆಯಿಂದ). ಸೆಕೆಂಡಿಗೆ 11,93,182 ಬಾರಿ ಮಿಡಿಯುವ ಗಡಿಯಾರವನ್ನು ಬೇಕಾದ ಹರ್ಟ್ಸ್‌ನಿಂದ ಭಾಗಿಸಿ, ಬಂದ ಸಂಖ್ಯೆಯನ್ನು, ಅಂದರೆ ಭಾಜಕವನ್ನು (ನಿಮ್ಮ ಸ ಸ್ವರಕ್ಕೆ 4554, ದ ಸ್ವರಕ್ಕೆ 2712) ಹೆಕ್ಸ್ (ಹದಿನಾರರ ಎಣಿಕೆಯ) 42ನೇ ಪೋರ್ಟಿಗೆ (ಚಿಪ್ಪಿಗೆ ಸಂಖ್ಯೆ ಕಳುಹಿಸುವ ವಿಳಾಸ) ಕೊಟ್ಟು, ಹೆಕ್ಸ್ 61ನೇ ಪೋರ್ಟಿನ ಕೆಳಗಿನ ಎರಡು ಬಿಟ್‌ಗಳನ್ನು 1ಕ್ಕೆ ಇಟ್ಟರೆ ಸಾಕು, ನೀವು ನಿಲ್ಲಿಸುವವರೆಗೆ ಆ ಸ್ವರ ತಾನಾಗಿಯೇ ನುಡಿಯುತ್ತಿರುತ್ತದೆ. ಆದ್ದರಿಂದ ನಿಮಗೆ ಬೇಕಾಗಿರುವುದು ಕಾಯುವ ಕೆಲಸವಲ್ಲ, ಹೊತ್ತಿಗೆ ಸರಿಯಾಗಿ ಸ್ವರ ಬದಲಿಸುವ ಕೆಲಸ.

ಅದೇ ಚಿಪ್ಪಿನ ಸೊನ್ನೆಯ ಚಾನೆಲ್ ಸೆಕೆಂಡಿಗೆ ಸುಮಾರು 18.2 ಬಾರಿ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆದು ಗಮನ ಸೆಳೆಯುವ ಸಂಕೇತ) ಕಳುಹಿಸುತ್ತದೆ, ಇಂಥ ಒಂದೊಂದು ಸಂಕೇತವೇ ಒಂದು ಟಿಕ್. ಪ್ರತಿ ಬಾರಿಯೂ ಬಯಾಸ್ (ಯಂತ್ರದಲ್ಲೇ ಇರುವ ಮೂಲ ತಂತ್ರಾಂಶ) ತನ್ನ ಕೆಲಸದ ನಡುವೆ ಹೆಕ್ಸ್ 1ಸಿ ಇಂಟರಪ್ಟನ್ನು ಕರೆಯುತ್ತದೆ. ಗೆಟ್‌ವೆಕ್ಟ್ ಮೂಲಕ ಆ ಇಂಟರಪ್ಟ್ ಬಂದಾಗ ಓಡುವ ಫಂಕ್ಷನ್ನಿನ ಹಳೆಯ ವಿಳಾಸವನ್ನು (ಇದೇ ವೆಕ್ಟರ್) ಎತ್ತಿಟ್ಟುಕೊಂಡು, ಸೆಟ್‌ವೆಕ್ಟ್ ಮೂಲಕ ಅಲ್ಲಿ ನಿಮ್ಮದೇ ಇಂಟರಪ್ಟ್ ಫಂಕ್ಷನ್ನನ್ನು ಕೂರಿಸಿ. ಉಳಿದ ಟಿಕ್‌ಗಳ ಎಣಿಕೆಯನ್ನು ಒಂದು ಇಳಿಸುವುದು, ಸೊನ್ನೆಯಾದಾಗ ಅರೇಯ ಮುಂದಿನ ಸ್ವರವನ್ನು ಪೋರ್ಟಿಗೆ ಬರೆಯುವುದು, ಕೊನೆಯಲ್ಲಿ ಹಳೆಯ ಫಂಕ್ಷನ್ನನ್ನು ಕರೆಯುವುದು, ಇಷ್ಟೇ ಅದರ ಕೆಲಸ. ಆಟದ ಮುಖ್ಯ ಭಾಗಕ್ಕೂ ಇದಕ್ಕೂ ನಡುವೆ ಹಂಚಿಕೊಳ್ಳುವ ವೇರಿಯಬಲ್‌ಗಳನ್ನು ವೊಲಟೈಲ್ (ಯಾವಾಗ ಬೇಕಾದರೂ ಬದಲಾಗಬಹುದಾದದ್ದು) ಎಂದು ಘೋಷಿಸುವುದನ್ನು ಮರೆಯಬೇಡಿ.

ಚೌಕಾಬಾರ_ಬಸವನಗುಡಿ:

ತುಂಬಾ ಧನ್ಯವಾದಗಳು ಸರ್, ಕಾಯಿ ಈಗ ಸರಾಗವಾಗಿ ಓಡುತ್ತಿದೆ. ಆದರೆ ಎರಡು ತೊಡಕುಗಳಿವೆ. ತಾಳ ಕುಂಟುತ್ತಿದೆ, ಅಲ್ಲದೆ ಯಾವ ಸ್ವರ ನುಡಿಯುತ್ತಿದೆಯೆಂದು ನೋಡಲು ಇಂಟರಪ್ಟ್ ಫಂಕ್ಷನ್ನಿನೊಳಗೆ ಪ್ರಿಂಟ್‌ಎಫ್ ಹಾಕಿದಾಗಲೆಲ್ಲ ಯಂತ್ರ ಸ್ತಬ್ಧವಾಗುತ್ತಿದೆ.

ಹಳೇ_ಟೈಮರ್:

ಪ್ರಿಂಟ್‌ಎಫ್ ತೆಗೆದುಹಾಕಿ. ಪರದೆಗೆ ಬರೆಯಲು ಅದು ಡಾಸನ್ನೇ ಕರೆಯುತ್ತದೆ, ಡಾಸ್ ತನ್ನ ಒಂದು ಕೆಲಸದ ನಡುವೆ ಇರುವಾಗ ಮತ್ತೆ ಅದರೊಳಗೇ ಪ್ರವೇಶಿಸುವಂತಿಲ್ಲ, ಹಾಗಾಗಿ ಫೈಲ್ ತೆರೆಯುವುದು, ಮೆಮರಿ ಕೇಳುವುದು ಕೂಡ ಅಲ್ಲಿ ನಿಷಿದ್ಧ. ಸ್ವರಗಳೆಲ್ಲವೂ ಮೊದಲೇ ಮೆಮರಿಯಲ್ಲಿರಲಿ, ಭಾಗಾಕಾರಗಳನ್ನೂ ಮೊದಲೇ ಮಾಡಿಟ್ಟುಕೊಳ್ಳಿ. ಕಂಪೈಲರಿನಲ್ಲಿ ಸ್ಟ್ಯಾಕ್ (ಫಂಕ್ಷನ್ ತಾತ್ಕಾಲಿಕ ಮಾಹಿತಿ ಇಡುವ ಮೆಮರಿ) ತಪಾಸಣೆಯ ಆಯ್ಕೆ ಚಾಲೂ ಇದ್ದರೆ ಅದನ್ನೂ ಆರಿಸಿ, ಏಕೆಂದರೆ ಇಂಟರಪ್ಟ್ ಬಂದಾಗ ಬಳಕೆಯಲ್ಲಿರುವ ಸ್ಟ್ಯಾಕ್ ನಿಮ್ಮದೇ ಆಗಿರಬೇಕೆಂದಿಲ್ಲ.

ತಂಬೂರಿ_ಮಲ್ಲೇಶ್ವರ:

ತಾಳದ ಬಗ್ಗೆ ನನ್ನದೊಂದು ಮಾತು. ಒಂದು ಟಿಕ್ ಎಂದರೆ ಸುಮಾರು 55 ಮಿಲಿಸೆಕೆಂಡು, ನಿಮ್ಮ 250 ಮಿಲಿಸೆಕೆಂಡಿನ ಸ್ವರಕ್ಕೆ ನಾಲ್ಕೂವರೆ ಟಿಕ್ ಬೇಕಾಗುತ್ತದೆ. ನಾಲ್ಕು ಹಾಕಿದರೆ 220, ಐದು ಹಾಕಿದರೆ 275. ಎರಡನ್ನೂ ಬೆರೆಸಿದರೆ ಲಯಜ್ಞಾನವಿರುವ ಕಿವಿಗೆ ಹಿಂಸೆ. ಸೊನ್ನೆಯ ಚಾನೆಲ್ಲಿನ ಭಾಜಕವನ್ನು 65,536ರಿಂದ 16,384ಕ್ಕೆ ಇಳಿಸಿದರೆ ಸೆಕೆಂಡಿಗೆ 72.8 ಟಿಕ್ ಸಿಗುತ್ತದೆ, ಆಗ 18 ಟಿಕ್‌ಗೆ 247 ಮಿಲಿಸೆಕೆಂಡು. ಹೀಗೆ ಮಾಡುವಾಗ 1ಸಿ ಬಿಟ್ಟು, ಟೈಮರ್ ನೇರವಾಗಿ ಕಳುಹಿಸುವ ಇಂಟರಪ್ಟ್ 8ನ್ನೇ ಹಿಡಿಯಬೇಕು. ನಾಲ್ಕು ಬಾರಿಗೊಮ್ಮೆ ಮಾತ್ರ ಹಳೆಯ ಫಂಕ್ಷನ್ನನ್ನು ಕರೆಯಬೇಕು, ಉಳಿದ ಮೂರು ಬಾರಿ ಹೆಕ್ಸ್ 20ನೇ ಪೋರ್ಟಿಗೆ ಹೆಕ್ಸ್ 20 ಬರೆದು ಇಂಟರಪ್ಟ್ ಮುಗಿಯಿತೆಂದು ತಿಳಿಸಬೇಕು. ಇಲ್ಲವಾದರೆ ಡಾಸ್‌ನ ಗಡಿಯಾರ ನಾಲ್ಕು ಪಟ್ಟು ವೇಗವಾಗಿ ಓಡುತ್ತದೆ.

ಆಟ ಮುಗಿದಾಗ ಭಾಜಕ, ವೆಕ್ಟರ್, ಸ್ಪೀಕರ್ ಮೂರನ್ನೂ ಮೊದಲಿನ ಸ್ಥಿತಿಗೆ ತರಲೇಬೇಕು. ಆಟಗಾರ ನಡುವೆ ಕಂಟ್ರೋಲ್-ಬ್ರೇಕ್ ಒತ್ತಿ ಎದ್ದುಹೋದರೂ ಇದು ನಡೆಯುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಫಂಕ್ಷನ್ ಇದ್ದ ಜಾಗಕ್ಕೆ ಬೇರೆ ಪ್ರೋಗ್ರಾಂ ಬಂದು ಕೂತಿರುತ್ತದೆ, ಟೈಮರ್ ಮಾತ್ರ ಅಲ್ಲಿಗೇ ನೆಗೆಯುತ್ತಿರುತ್ತದೆ.

ಕವಡೆಯ ಸದ್ದನ್ನೂ ಇದೇ ಒಂದು ಸ್ಪೀಕರ್ ನುಡಿಸಬೇಕಲ್ಲವೇ? ಮುಖ್ಯ ಪ್ರೋಗ್ರಾಂ ಪೋರ್ಟನ್ನು ಮುಟ್ಟದೆ, ಬೇಕಾದ ಸದ್ದಿನ ಸಂಖ್ಯೆಯನ್ನು ಒಂದು ವೇರಿಯಬಲ್ಲಿನಲ್ಲಿ ಇಡಲಿ. ಇಂಟರಪ್ಟ್ ಫಂಕ್ಷನ್ ಆ ಸದ್ದು ಮುಗಿಯುವವರೆಗೆ ರಾಗವನ್ನು ಕೇಳಿಸದಿದ್ದರೂ ಅದರ ಎಣಿಕೆಯನ್ನು ನಡೆಸುತ್ತಲೇ ಇರಲಿ, ಆಗ ರಾಗ ತಾಳ ತಪ್ಪದೆ ಮರಳಿ ಬರುತ್ತದೆ.

ಚೌಕಾಬಾರ_ಬಸವನಗುಡಿ:

72.8ಕ್ಕೆ ಏರಿಸಿದೆ, ತಾಳ ಸರಿಹೋಯಿತು. ಈಗ ಗಾಂಧಾರದಿಂದ ಪಂಚಮಕ್ಕೆ ಜಾರಿಸುವ ಆಸೆ ಹುಟ್ಟಿದೆ. ಪ್ರತಿ ಟಿಕ್‌ಗೂ ಭಾಜಕವನ್ನು ಸ್ವಲ್ಪ ಸ್ವಲ್ಪವೇ ಬದಲಿಸಿದರೆ ಜಾರು ಬರುತ್ತಿದೆಯಾದರೂ ಜೊತೆಗೆ ಟಕಟಕ ಎಂಬ ಸದ್ದೂ ಕೇಳಿಸುತ್ತಿದೆ.

ತಂಬೂರಿ_ಮಲ್ಲೇಶ್ವರ:

ಹೆಕ್ಸ್ 43ನೇ ಪೋರ್ಟಿಗೆ ಬಿ6 ಎಂಬ, 2ನೇ ಚಾನೆಲ್ಲನ್ನು ಸಿದ್ಧಗೊಳಿಸುವ ಆದೇಶವನ್ನು ಪ್ರತಿ ಸಲವೂ ಬರೆಯುತ್ತಿದ್ದೀರಿ ಎಂದು ತೋರುತ್ತದೆ, ಅದು ಅಲೆಯನ್ನು ಹೊಸದಾಗಿ ಆರಂಭಿಸುತ್ತದೆ. ಮೊದಲ ಸಲ ಮಾತ್ರ ಅದನ್ನು ಬರೆದು, ಆಮೇಲೆ 42ನೇ ಪೋರ್ಟಿಗೆ ಕೆಳಗಿನ ಬೈಟು, ಮೇಲಿನ ಬೈಟು ಎರಡನ್ನೇ ಬರೆಯುತ್ತಾ ಹೋಗಿ. ನಡೆಯುತ್ತಿರುವ ಅರ್ಧ ಅಲೆ ಮುಗಿದ ಮೇಲಷ್ಟೇ ಚಿಪ್ ಹೊಸ ಸಂಖ್ಯೆಯನ್ನು ತೆಗೆದುಕೊಳ್ಳುತ್ತದೆ, ಹಾಗಾಗಿ ಆ ಸದ್ದು ಬರುವುದಿಲ್ಲ.