ಕಿರಾಣಿ ಅಂಗಡಿಯಲ್ಲೇ ಮದ್ಯ ಮಾರಾಟ: ಹೋರಾಟ ಮಾಡಿದವರು ನಿಮ್ಮ ಅನುಭವ ಹೇಳಿ

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ನಾನೂರು ಮನೆಯ ಊರು. ಲೈಸೆನ್ಸ್ ಇರುವ ಮದ್ಯದಂಗಡಿ ಇರುವುದು ಒಂಬತ್ತು ಕಿಲೋಮೀಟರ್ ಆಚೆ. ಆದರೂ ಊರಿನ ಎರಡು ಕಿರಾಣಿ ಅಂಗಡಿ, ಒಂದು ಪಾನ್ ಡಬ್ಬಿ, ಒಂದು ಮನೆಯಲ್ಲಿ ಬೆಳಿಗ್ಗೆ ಐದೂವರೆಗೇ 90 ಎಂಎಲ್ ಪಾಕೀಟು ಸಿಗುತ್ತದೆ. ಮೂರು ತಿಂಗಳ ಹಿಂದೆ ಸ್ವಸಹಾಯ ಸಂಘದ ಅರವತ್ತು ಹೆಣ್ಣುಮಕ್ಕಳು ಹೋಗಿ ಮನವಿ ಕೊಟ್ಟೆವು. ಒಂದು ದಾಳಿ ಆಯಿತು, ಪೇಪರಿನಲ್ಲಿ ಫೋಟೊ ಬಂತು. ಎಂಟು ದಿನಕ್ಕೆ ಮತ್ತೆ ಮಾರಾಟ ಶುರು. ಈಗ ಸಭೆ ಕರೆದರೆ ಬರುವವರು ಹನ್ನೆರಡು ಮಂದಿ. ಬಾರದವರ ಮೇಲೆ ನನಗೆ ಸಿಟ್ಟು ಬರುತ್ತದೆ, ಹಾಗೆ ಸಿಟ್ಟಾಗುವುದು ತಪ್ಪು ಅಂತಲೂ ಅನಿಸುತ್ತದೆ. ಇದೇ ಅಂತಲ್ಲ, ಯಾವುದೇ ಹೋರಾಟದಲ್ಲಿ ಇದ್ದವರು ಏನು ಕಲಿತಿರಿ, ಎಲ್ಲಿ ಎಡವಿದಿರಿ ಹೇಳಿ.

ಸಿಂಧನೂರು ಕಡೆಯಿಂದ

ತಂಗಿ, ಅರವತ್ತು ಹನ್ನೆರಡಾತು ಅಂತ ಎದಿ ಒಡಕೋಬ್ಯಾಡ. ನಮ್ಮೂರಾಗ ಎಂಬತ್ತು ಇದ್ದದ್ದು ಐದಕ್ಕ ಇಳಿದಿತ್ತು. ಬರದಾವರ ಮನಿ ಮನಿಗೆ ಹೋಗಿ ಕುಂತು ಕೇಳಿದ್ವಿ. ನಾವು ಸಭಾ ಕರೀತಿದ್ದದ್ದು ಸಂಜಿ ಆರಕ್ಕ. ಆ ಹೊತ್ತಿಗೆ ಹೊಲದಿಂದ ಬಂದಾಕಿ ನೀರು ತುಂಬಬೇಕು, ರೊಟ್ಟಿ ಬಡೀಬೇಕು. ಗಂಡ ಕುಡದು ಬರೂದೂ ಅದೇ ಹೊತ್ತು. ಆಕಿ ಸಭಾದಾಗ ಕುಂತರ ಮನ್ಯಾಗ ಮಕ್ಕಳು ಏಟು ತಿಂತಾವ. ನಮಗಿದು ಹೊಳೀಲೇ ಇಲ್ಲ, ಯಾಕಂದ್ರ ಸಭಾ ಕರಿಯಾಕ ನಿಂತ ನಾವು ನಾಲ್ಕು ಮಂದಿ, ನಮ್ಮ ಮನ್ಯಾಗ ಯಾರೂ ಕುಡಿಯಾವರಿಲ್ಲ. ಆಮ್ಯಾಲೆ ಕಳೆ ತೆಗಿಯಾಕ ಹೋದ ಗುಂಪು ಎಲ್ಲಿ ಐತೋ ಅಲ್ಲಿಗೇ ಹೋಗಾಕ ಹತ್ತಿದ್ವಿ. ಬದುವಿನ ಮ್ಯಾಲೆ ಬುತ್ತಿ ಬಿಚ್ಚಿದಾಗ ಇಪ್ಪತ್ತು ನಿಮಿಷ ಮಾತು. ಅಷ್ಟು ಸಾಕು. ತಿಂಗಳೊಳಗ ನಲವತ್ತು ಮಂದಿ ತಿರುಗಿ ಬಂದರು, ಮತ್ತ ಈ ಸಲ ಮಾತಾಡಿದವರು ಏಟು ತಿಂದಾಕಿಯವರೇ.

ನಾವು ಎಡವಿದ್ದು ಹೇಳ್ತೀನಿ. ಸಿಟ್ಟು ಬಂದು ಒಂದಿನ ಅಂಗಡಿಗೆ ನುಗ್ಗಿ ಪಾಕೀಟು ಕಸಗೊಂಡು ರಸ್ತಾದಾಗ ಸುಟ್ಟಿದ್ವಿ. ಕೇಸಾತು, ಮಾರಾಂವನ ಮ್ಯಾಲೆ ಅಲ್ಲ, ನಮ್ಮ ಏಳು ಮಂದಿ ಮ್ಯಾಲೆ. ಮೂರು ವರ್ಷ ಕೂಲಿ ಬಿಟ್ಟು ಕೋರ್ಟಿನ ತಾರೀಖಿಗೆ ಅಲೆದೀವಿ. ಹಂಗ ಮಾಡಬ್ಯಾಡ್ರಿ.

ಅದಾದ ಮ್ಯಾಲೆ ಖಾಲಿ ಪಾಕೀಟು ಆರಿಸಾಕ ಹತ್ತಿದ್ವಿ. ಖಾಲಿದು ಯಾರ ಸ್ವತ್ತೂ ಅಲ್ಲ. ಒಂದು ಗೊಬ್ಬರದ ಚೀಲ ಇಟ್ಟು, ದಿನಾ ಮುಂಜಾನೆ ಸಾಲಿ ಗ್ವಾಡಿ ಹಿಂದ, ಅಗಸಿ ಬಾಗಿಲ ಹತ್ತಿರ, ಹಳ್ಳದ ದಂಡಿಗೆ ಬಿದ್ದಿದ್ದು ಹಾಕಿದ್ವಿ. (ಮಕ್ಕಳ ಕೈಲೆ ಮಾತ್ರ ಆರಿಸಬ್ಯಾಡ್ರಿ.) ಒಂದು ತಿಂಗಳಿಗೆ ಚೀಲ ತುಂಬಿ ಕಟ್ಟಾಕ ಬರಲಿಲ್ಲ. ದಬ್ಬಣಕ್ಕ ಹುರಿ ಏರಿಸಿ ಮಾಲಿ ಹಂಗ ಪೋಣಿಸಿದ್ವಿ, ವಾರಕ್ಕೊಂದು ಚೀಟಿ ಕಟ್ಟಿ ತಾರೀಖು ಬರೆದ್ವಿ. ಗ್ರಾಮ ಸಭಾದಾಗ ಆ ಮಾಲಿ ಕಂಬದಿಂದ ಕಂಬಕ್ಕ ಬಿಗಿದ್ವಿ. ಯಾರೂ ಭಾಷಣ ಮಾಡಲಿಲ್ಲ. ಅಧಿಕಾರಿ ಎದ್ದು ಬಂದು ಒಂದು ಪಾಕೀಟು ಹೊಳ್ಳಿಸಿ ನೋಡಿದ. ಅದರ ಮ್ಯಾಲೆ ಬ್ಯಾಚ್ ನಂಬರ್ ಇರ್ತದ. ಸಾಲಾಗಿ ನೋಡಿದ್ರ ಅವೇ ನಂಬರ್ ಮತ್ತ ಮತ್ತ. ಅಲ್ಲೀತನ ನಾವು ಕೇಳತಿದ್ದದ್ದು "ಯಾರು ಮಾರಾಕತ್ಯಾರ" ಅಂತ. ಅವತ್ತಿನಿಂದ "ಪೆಟ್ಟಿಗೆಗಟ್ಟಲೆ ಯಾವ ಅಂಗಡಿಯಿಂದ ಬರಾಕತ್ತೈತಿ" ಅಂತ ಕೇಳಾಕ ಹತ್ತಿದ್ವಿ. ಬೈಕಿನ ಮ್ಯಾಲೆ ಮಾಲು ತರೂದು ನಿಂತಿತು, ನಮ್ಮೂರಾಗ ಮಾರತಿದ್ದ ನಾಲ್ಕರಾಗ ಮೂರು ಕಡೆ ಬಂದಾತು. ನಾಲ್ಕನೇದು ಇನ್ನೂ ಕದ್ದು ನಡದೈತಿ.

ಇನ್ನೊಂದು ಮಾತು. ಆ ಮೂರರಾಗ ಒಬ್ಬಾಕಿ ಗಂಡ ಸತ್ತಾಕಿ, ಎರಡು ಮಕ್ಕಳು. ಗಂಡ ಸತ್ತಿದ್ದೂ ಕುಡದೇ. ಆಕಿ ಬಾಗಿಲ ಮುಂದ ನಾವು ಧಿಕ್ಕಾರ ಕೂಗಿದ್ವಿ. ಆಕಿ ಅತ್ಕೋತ ಒಳಗ ಹೋದ್ಲು. ಅವತ್ತು ರಾತ್ರಿ ನಮಗ ಯಾರಿಗೂ ಊಟ ಸೇರಲಿಲ್ಲ. ಸಂಘದಾಗ ಮಾತಾಡಿ ಆಕಿಗೆ ಸಾಲ ಕೊಟ್ಟೀವಿ, ಈಗ ರೊಟ್ಟಿ ಮಾಡಿ ಖಾನಾವಳಿಗೆ ಹಾಕ್ತಾಳ. ಧಿಕ್ಕಾರಕ್ಕಿಂತ ಮೊದಲು ಈ ಕೆಲಸ ಮಾಡಬೇಕಾಗಿತ್ತು.

ಬಳ್ಳಾರಿಯಿಂದ, ನಿವೃತ್ತ ಶಿಕ್ಷಕ

ಸಿಂಧನೂರಿನ ಅಕ್ಕ ಹೇಳಿದ ಬುತ್ತಿ ಹೊತ್ತಿನ ಸಭೆ ಓದಿ ನನಗೆ ನೆಲ್ಲೂರು ಜಿಲ್ಲೆಯ ದೂಬಗುಂಟ ನೆನಪಾಯಿತು. ಅಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ತರಗತಿಗೆ ಬಂದ ಕೂಲಿ ಹೆಂಗಸರು ಅಕ್ಷರ ಕಲಿಯುತ್ತಲೇ ಊರಿನ ಸಾರಾಯಿ ಬಗ್ಗೆ ಮಾತಾಡಿಕೊಂಡರು, ಆಮೇಲೆ ಗುಂಪಾಗಿ ಹೋಗಿ ಅಂಗಡಿ ಮುಚ್ಚಿಸಿದರು. ಅವರ ಮುಂದಾಳು ರೋಸಮ್ಮನ ಹೆಸರು ಆಗ ಗಡಿ ದಾಟಿ ನಮ್ಮ ಬಳ್ಳಾರಿಗೂ ಬಂದಿತ್ತು. 1993ರಲ್ಲಿ ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು, 1995ರಲ್ಲಿ ಪೂರ್ತಿ ಪಾನನಿಷೇಧ. 1997ಕ್ಕೆ ಅದನ್ನು ಸಡಿಲಿಸಿದರು. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯಿತು, ನಾವು ಸಿಹಿ ಹಂಚಿದೆವು. ಸಾರಾಯಿ ಪಾಕೀಟಿನ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮಿನ ಪಾಕೀಟು ಬಂದದ್ದನ್ನು ಮಾತ್ರ ತಡವಾಗಿ ಗಮನಿಸಿದೆವು. ಆಜ್ಞೆ ಬಂದ ದಿನವೇ ನಮ್ಮ ಸಾರಾಯಿ ವಿರೋಧಿ ಸಮಿತಿ ವಿಸರ್ಜನೆಯಾಗಿತ್ತು. ಅದು ನನ್ನ ಜೀವನದ ದೊಡ್ಡ ತಪ್ಪುಗಳಲ್ಲಿ ಒಂದು ಎಂದು ಈಗಲೂ ನೋಯುತ್ತೇನೆ.

ಅಬಕಾರಿಯಿಂದ ರಾಜ್ಯಕ್ಕೆ ಬರುವ ವರಮಾನ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿ ಮೀರಿದೆ, ಪ್ರತಿ ಬಜೆಟ್ಟಿನಲ್ಲೂ ಇಷ್ಟು ಬರಬೇಕೆಂಬ ಗುರಿ ಇರುತ್ತದೆ. ದಾಳಿ ಒಂದೇ ದಿನಕ್ಕೆ ಮುಗಿಯುವುದಕ್ಕೂ ಇದಕ್ಕೂ ಸಂಬಂಧವಿದೆ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ನಿಮ್ಮ ಹನ್ನೆರಡು ಮಂದಿಯನ್ನು ಕಡಿಮೆ ಎಣಿಸಬೇಡಿ. ಅಂಗಡಿ ಮುಚ್ಚಿದ ಮರುದಿನವೂ ಬೆಳಿಗ್ಗೆ ಐದೂವರೆಗೆ ಹೋಗಿ ನೋಡುವವರು ಅವರೇ.

ದಾವಣಗೆರೆಯಿಂದ, ವಕೀಲೆ

ಕಾಗದದ ವಿಷಯ ಮಾತ್ರ ಹೇಳುತ್ತೇನೆ. ಮನವಿ ಕೊಟ್ಟಾಗ ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಂಡಿರಾ? ಇಲ್ಲದಿದ್ದರೆ ಹೊಸದಾಗಿ ಕೊಡಿ, ಹಾಕಿಸಿಕೊಳ್ಳಿ. ಸಹಿಗಳನ್ನು ಸಾಲಾಗಿ ಬೇಡ, ಗುಂಡಗೆ ಮಾಡಿಸಿ. ಮೊದಲ ಹೆಸರು ಯಾರದು ಎಂದು ಹುಡುಕಿ ಹೆದರಿಸಲು ಆಗುವುದಿಲ್ಲ. ಲೈಸೆನ್ಸ್ ಇಲ್ಲದೆ ಮಾರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ, ಆದರೆ ಮಾಲು ಜಪ್ತಿ ಮಾಡುವ ಅಧಿಕಾರ ನಿಮಗಿಲ್ಲ.

ಗ್ರಾಮ ಸಭೆಯಲ್ಲಿ ಬರೀ ಚರ್ಚೆ ಮಾಡಿ ಬರಬೇಡಿ. ನಿರ್ಣಯ ಪುಸ್ತಕದಲ್ಲಿ ಬರೆಸಿ, ನಂಬರ್ ಕೇಳಿ, ನಕಲು ಪಡೆಯಿರಿ. ಎರಡು ವಾರ ಬಿಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: ನಮ್ಮೂರಿನಲ್ಲಿ ಮೂರು ವರ್ಷದಲ್ಲಿ ಎಷ್ಟು ದಾಳಿ ಆಗಿದೆ, ಎಫ್‌ಐಆರ್ ನಕಲು ಕೊಡಿ, ನಮ್ಮ ಮನವಿ ಮೇಲೆ ಏನು ಕ್ರಮವಾಯಿತು. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ. ಮತ್ತೊಂದು: ವಿಚಾರಣೆಗೆ ಹೆಂಗಸರನ್ನು ಸಾಕ್ಷಿಯಾಗಿ ಠಾಣೆಗೆ ಬನ್ನಿ ಎನ್ನುವಂತಿಲ್ಲ, ಅವರಿದ್ದ ಮನೆಗೇ ಬಂದು ಕೇಳಬೇಕು. ಇದನ್ನು ಪ್ರತಿಯೊಬ್ಬರಿಗೂ ಹೇಳಿಡಿ. ಎಷ್ಟೋ ಜನ ಈ ಒಂದು ಹೆದರಿಕೆಗೇ ಮನೆಯಲ್ಲಿ ಉಳಿದುಬಿಡುತ್ತಾರೆ.

ಬೆಂಗಳೂರಿನಿಂದ

ನನ್ನದು ಬೇರೆ ಹೋರಾಟ. 2016ರ ಅಕ್ಟೋಬರ್ 16ರಂದು ಸ್ಟೀಲ್ ಫ್ಲೈಓವರ್ ವಿರುದ್ಧದ ಮಾನವ ಸರಪಳಿಯಲ್ಲಿ ನಿಂತಿದ್ದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ., 1,791 ಕೋಟಿ ರೂಪಾಯಿ, ಕಡಿಯಲಿದ್ದ 812 ಮರ. ಈ ಅಂಕಿ ಎಲ್ಲರ ಬಾಯಲ್ಲಿತ್ತು, ಬೇಡಿಕೆ ಒಂದೇ ಶಬ್ದ: ಬೇಡ. ಜೊತೆಗೆ ಹಸಿರು ನ್ಯಾಯಮಂಡಳಿಗೂ ಹೋದರು. 2017ರ ಮಾರ್ಚ್‌ನಲ್ಲಿ ಯೋಜನೆ ಕೈಬಿಟ್ಟರು. 2019ರಲ್ಲಿ ಮತ್ತೆ ಅದರ ಮಾತು ಎದ್ದಾಗ ಹಳೆಯ ಫೋನ್ ಪಟ್ಟಿ ನಮ್ಮ ಕೆಲಸಕ್ಕೆ ಬಂತು.

ಆ ವರ್ಷದ ಜನವರಿಯಲ್ಲೇ ಪಾನನಿಷೇಧ ಕೇಳುತ್ತ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು, ಸುಮಾರು 200 ಕಿಲೋಮೀಟರ್. ನಾನು ಮಲ್ಲೇಶ್ವರದ ರಸ್ತೆಯ ಪಕ್ಕ ನಿಂತು ನೋಡಿದೆ. ಒಬ್ಬ ಅಜ್ಜಿ ಕಾಲಿಗೆ ಸೀರೆಯ ಹರಿದ ಅಂಚು ಸುತ್ತಿಕೊಂಡು ನಡೆಯುತ್ತಿದ್ದರು. ಅವರ ಬೇಡಿಕೆ ಈಡೇರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಕೈ ಕೈ ಹಿಡಿದು ನಿಂತ ನಮ್ಮ ಮಾತು ಸರ್ಕಾರಕ್ಕೆ ಕೇಳಿಸಿತು. ನಗರದವರ ಧ್ವನಿಗೆ ಸಿಗುವ ಕಿವಿ ಬೇರೆ. ಇದು ಅನ್ಯಾಯ, ಮತ್ತು ನಿಮ್ಮ ಸೋಲುಗಳನ್ನು ನಿಮ್ಮ ತಪ್ಪು ಎಂದು ಎಣಿಸುವ ಮೊದಲು ಇದು ನಿಮಗೆ ಗೊತ್ತಿರಲಿ. ನಿಮ್ಮ ಅರ್ಜಿಗಳನ್ನು ಟೈಪ್ ಮಾಡುವುದು, ಮೇಲ್ಮನವಿ ಕಳಿಸುವುದು ಇಲ್ಲಿಂದ ನಾನು ಮಾಡಿಕೊಡುತ್ತೇನೆ.

ಹಾಸನದಿಂದ

ತಂಗಿ, ಒಂದೇ ವಿಷಯ. ನಮ್ಮೂರಲ್ಲಿ ಅಂಗಡಿ ಮುಚ್ಚಿಸಿದ ಮೂರನೇ ದಿನ ನನ್ನ ಯಜಮಾನರಿಗೆ ಕೈ ನಡುಕ, ಬೆವರು, ಆಮೇಲೆ ಫಿಟ್ಸ್ ಬಂತು. ದಿನಾ ವಿಪರೀತ ಕುಡಿಯುವವರು ಒಮ್ಮೆಲೇ ಬಿಟ್ಟರೆ ಹೀಗಾಗಬಹುದು, ಜೀವಕ್ಕೂ ಅಪಾಯ ಎಂದು ಡಾಕ್ಟರು ಆಮೇಲೆ ಹೇಳಿದರು. ಅಂಗಡಿ ಮುಚ್ಚಿಸಿದವರಲ್ಲಿ ನಾನೂ ಇದ್ದೆ. ಯಾರ ಮನೆಯಲ್ಲಿ ದಿನಾ ಕುಡಿಯುವವರಿದ್ದಾರೆ ಅಂತ ಮೊದಲೇ ಬರೆದಿಟ್ಟುಕೊಳ್ಳಿ, ತಾಲ್ಲೂಕು ಆಸ್ಪತ್ರೆಯಲ್ಲಿ ಇದಕ್ಕೆ ಚಿಕಿತ್ಸೆ ಯಾವ ದಿನ ಸಿಗುತ್ತದೆ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮವರು ಈಗ ಎರಡು ವರ್ಷದಿಂದ ಮುಟ್ಟಿಲ್ಲ.

ಕೊಪ್ಪಳದಿಂದ ಮತ್ತೆ

ಎಲ್ಲರ ಮಾತನ್ನೂ ನಿನ್ನೆ ಸಂಘದಲ್ಲಿ ಓದಿ ಹೇಳಿದೆ. ಹಾಸನದ ಅಕ್ಕನ ಮಾತು ಬಂದಾಗ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಒಬ್ಬರು ತಮ್ಮ ಮಗನ ಹೆಸರು ಬರೆದುಕೋ ಅಂದರು. ಒಂಬತ್ತು ಹೆಸರಾಯಿತು. ಸಭೆ ಇನ್ನು ಸಂಜೆ ಇಲ್ಲ, ಸೋಮವಾರ ಮೆಣಸಿನಕಾಯಿ ಬಿಡಿಸುವ ಹೊಲಕ್ಕೆ ನಾನೇ ಹೋಗುತ್ತೇನೆ. ಪಾಕೀಟು ಮಾರುವ ಆ ಮನೆಯವರ ಹತ್ತಿರ ಮೊದಲು ಇಬ್ಬರೇ ಹೋಗಿ ಮಾತಾಡುವುದು ಅಂತ ಆಯಿತು. ಗೊಬ್ಬರದ ಚೀಲವೂ ಸಿಕ್ಕಿದೆ.

ಸಿಂಧನೂರು ಕಡೆಯಿಂದ

ಗ್ರಾಮ ಸಭಾ ತಾರೀಖು ಗೊತ್ತಾದ ಕೂಡಲೇ ಹೇಳು ತಂಗಿ. ನಮ್ಮ ಮಾಲಿ ಇನ್ನೂ ಇಟ್ಟೀವಿ, ತಗೊಂಡು ಇಬ್ಬರು ಬರ್ತೀವಿ.